ನಾನು ಕಿತ್ತು ನೆಟ್ಟ ಗೂಟಗಳು

ಆಗ ನನಗೆ ಐವತ್ತಾರು ವರ್ಷ. ಇಪ್ಪತ್ತು ವರ್ಷದ ಹಿಂದಿನ ಮಾತು. ಇಷ್ಟು ವರ್ಷವಾದರೂ ಬಾವಿಯೊಳಗಿಂದ ಬಂದ ಆ ಸದ್ದು ಕಿವಿಯಲ್ಲಿ ಹಾಗೇ ಇದೆ. ತಗಡಿನ ಡಬ್ಬವನ್ನು ಬಂಡೆಗೆ ಎಸೆದ ಹಾಗೆ ಒಂದು ಸದ್ದು. ಆಮೇಲೆ ಏನೂ ಇಲ್ಲ. ಸದ್ದಿಗಿಂತ ಆ ಏನೂ ಇಲ್ಲದ್ದಕ್ಕೇ ನಾನು ಹೆಚ್ಚು ಹೆದರಿದ್ದು.

ನನಗೆ ಓದು ಕಡಿಮೆ. ಹೆಂಗಸರಿಗೆ ಅಕ್ಷರ ಕಲಿಸುತ್ತೇವೆ ಅಂತ ಊರಿನ ಶಾಲೆಗೆ ಕರೆದಾಗ ನಲವತ್ತು ದಾಟಿತ್ತು. ಬಸ್ಸಿನ ಬೋರ್ಡು ಓದುವಷ್ಟು, ಹೆಸರು ಬರೆಯುವಷ್ಟು ಕಲಿತೆ. ಈಗ ಹೀಗೆ ನಿಧಾನಕ್ಕೆ ಗೀಚುತ್ತೇನೆ. ನಯವಾಗಿ ಹೇಳಲು ಬರುವುದಿಲ್ಲ. ನಡೆದದ್ದೂ ನಯವಾಗಿ ಹೇಳುವಂಥದ್ದಲ್ಲ.

ಕೆ.ಆರ್. ಪುರ ದಾಟಿ, ಹಳೇ ಮದ್ರಾಸು ರಸ್ತೆ ಬಿಟ್ಟು ಒಳಗೆ ಎರಡು ಮೈಲಿ ನಡೆದರೆ ನಮ್ಮ ಊರು. ಗಂಡ ಸತ್ತು ಆರು ವರ್ಷವಾಗಿತ್ತು. ಮಗಳನ್ನು ಹೊಸಕೋಟೆಗೆ ಕೊಟ್ಟಾಗಿತ್ತು. ಕೆರೆಯ ಕೆಳಗಿನ ತೇವದಲ್ಲಿ ದಂಟು, ಸಬ್ಬಸಿಗೆ, ಕೊತ್ತಂಬರಿ ಬೆಳೆದು ವಾರಕ್ಕೆ ಮೂರು ನಾಲ್ಕು ದಿನ ಶಿವಾಜಿನಗರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದೆ. ಅದೇ ನನ್ನ ಜೀವನ.

ಒಂದು ಕಾಲಕ್ಕೆ ನಮಗೆ ನಾಲ್ಕು ಎಕರೆ ಇತ್ತು. ತೊಂಬತ್ತರ ನಂತರ ಒಂದು ದಿನ ಪ್ಯಾಂಟು ಹಾಕಿದ ನಾಲ್ವರು ಬಂದರು. ಹೊಲದ ಉದ್ದಕ್ಕೂ ಗೂಟ ನೆಟ್ಟರು, ಗೂಟದ ತುದಿಗೆ ಕೆಂಪು ಬಟ್ಟೆ ಕಟ್ಟಿದರು, ಬಂಡೆಗಳ ಮೇಲೆ ಸುಣ್ಣದಲ್ಲಿ ಗುರುತು ಹಾಕಿದರು. ಏನಪ್ಪಾ ಇದು ಅಂತ ನನ್ನ ಗಂಡ ಕೇಳಿದ್ದಕ್ಕೆ ಕರೆಂಟು ಕಂಬಕ್ಕೆ ಅಳತೆ ಅಂದರು. ಬಿಸಿಲಲ್ಲಿ ಬಂದಿದ್ದಾರೆ ಅಂತ ನಾನೇ ಮಜ್ಜಿಗೆ ಕೊಟ್ಟೆ. ವರ್ಷ ತುಂಬುವುದರೊಳಗೆ ನೋಟೀಸು ಬಂತು, ಅದರ ಹಿಂದೆ ಬುಲ್ಡೋಜರ್ ಬಂತು. ಕಂಬ ಬರಲಿಲ್ಲ, ಬಡಾವಣೆ ಬಂತು. ಮೂರು ಎಕರೆ ಹೋಯಿತು. ಕೆರೆಯ ಏರಿಯ ಪಕ್ಕದ ಒಂದು ಎಕರೆ ಉಳಿಯಿತು. ಅಂದಿನಿಂದ ಕೆಂಪು ಬಟ್ಟೆ ಕಟ್ಟಿದ ಗೂಟ ಕಂಡರೆ ನಮ್ಮ ಸುತ್ತಲ ಹಳ್ಳಿಯವರು ಭೂಮಿ ಹೋಯಿತು ಅಂತಲೇ ಲೆಕ್ಕ ಹಾಕುತ್ತಾರೆ.

ನನ್ನ ಎಕರೆಯ ಮಗ್ಗುಲಿಗೆ ಮೈದುನನ ಬೀಳು ಭೂಮಿ. ಅದರಲ್ಲಿ ನಮ್ಮ ಮಾವ ತೋಡಿಸಿದ ಬಾವಿ. ಚೌಕಾಕಾರದ ಬಾವಿ, ಕಟ್ಟೆ ಇಲ್ಲ. ಒಂದು ಗೋಡೆಗೆ ಕಲ್ಲಿನ ಮೆಟ್ಟಿಲು. ಎರಡಾಳುದ್ದ ಕೆಳಗೆ ಮೋಟರ್ ಕೂರಿಸಲು ಒಂದು ಅಗಲವಾದ ಚಪ್ಪಡಿ. ಅಣ್ಣತಮ್ಮ ಇಬ್ಬರಿಗೂ ಸೇರಿದ ನೀರು ಅದು. ನನ್ನ ಗಂಡ ಸತ್ತ ವರ್ಷವೇ ಮೈದುನ ಮೋಟರಿನ ಡಬ್ಬಕ್ಕೆ ಬೀಗ ಹಾಕಿ, ಬಾವಿ ತನ್ನ ಭಾಗಕ್ಕೆ ಬಂದಿದೆ ಅಂದ. ನಾನು ಬಿಂದಿಗೆಯಲ್ಲಿ ಕೆರೆಯ ನೀರು ಹೊತ್ತೆ. ಎರಡು ವರ್ಷದಲ್ಲಿ ಸುತ್ತಲಿನ ಬೋರುಗಳು ನೀರೆಲ್ಲ ಹೀರಿ ಬಾವಿಯೂ ಒಣಗಿತು. ಬಾಯಿಯ ಸುತ್ತ ಲಂಟಾನದ ಪೊದೆ ಬೆಳೆಯಿತು. ನೀರು ಹೋದರೂ ನನ್ನ ಒಳಗಿನ ಕಿಚ್ಚು ಹೋಗಲಿಲ್ಲ. ಆರು ವರ್ಷ ಅವನ ಮನೆಯ ಹೊಸಿಲು ತುಳಿದಿರಲಿಲ್ಲ.

ಆ ಹುಡುಗಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ರಾಗಿ ಕೊಯ್ದು ಹೊಲವೆಲ್ಲ ಖಾಲಿ ಇತ್ತು. ಇಂದಿರಾನಗರದವಳಂತೆ. ಕತ್ತಿನವರೆಗೆ ಕತ್ತರಿಸಿದ ಕೂದಲು, ಮೊಣಕಾಲಿನವರೆಗೆ ಚಡ್ಡಿ, ಟ್ರ್ಯಾಕ್ಟರಿನ ಚಕ್ರದ ಹಾಗೆ ಹಲ್ಲು ಹಲ್ಲಾಗಿದ್ದ ಟೈರಿನ ಸೈಕಲ್ಲು. ನಾನು ಕಂಡ ಸೈಕಲ್ಲು ಅಂದರೆ ಹಾಲಿನ ಕ್ಯಾನು ಕಟ್ಟಿದ್ದು, ಹುಲ್ಲಿನ ಹೊರೆ ಕಟ್ಟಿದ್ದು. ಇದಕ್ಕೆ ಹಿಂದೆ ಕ್ಯಾರಿಯರ್ರೂ ಇರಲಿಲ್ಲ. ಏನೂ ಹೊರದ ಸೈಕಲ್ಲು ಯಾತಕ್ಕೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಅಜ್ಜಿ, ಈ ದಾರಿ ಎಲ್ಲಿಗೆ ಹೋಗತ್ತೆ?" ಅಂದಳು.

"ಅಜ್ಜಿ ಅಂತೆ. ನಿಮ್ಮಮ್ಮನ ವಯಸ್ಸು ಕಣಮ್ಮ ನನಗೆ."

ಅವಳು ನಕ್ಕಳು. ಜಗಲಿಯ ಮೇಲೆ ಕೂತು ಒಂದು ಚೊಂಬು ಮಜ್ಜಿಗೆ ಪೂರಾ ಕುಡಿದಳು. ಸಮುದ್ರದ ಕಡೆಯ ಊರುಗಳಲ್ಲಿ ಗುಡ್ಡ, ತೋಟ, ಹೊಳೆದಂಡೆ ಹಿಡಿದು ಸೈಕಲ್ ಹೊಡೆಯುವ ದಾರಿಗಳಿವೆಯಂತೆ, ಅಂಥದ್ದೇ ಒಂದನ್ನು ಬೆಂಗಳೂರಿನ ಪಕ್ಕದಲ್ಲಿ ಹುಡುಕುತ್ತಿದ್ದೇನೆ ಅಂದಳು. ನಮ್ಮ ಊರಿನ ದಾರಿಗಳು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳಿದೆ. ನೀಲಗಿರಿ ತೋಪಿನೊಳಗೆ ಸೌದೆಗೆ ಹೋಗುವ ದಾರಿ. ಬಂಡೆಯ ಬೆನ್ನ ಮೇಲೆ ದನ ಹೋಗಿ ಹೋಗಿ ಸವೆದ ದಾರಿ. ಬಂಡೆ ಇಳಿದು ಹೊಂಗೆ ಮರದ ಹತ್ತಿರ ಬಲಕ್ಕೆ ತಿರುಗಿ, ನನ್ನ ಹೊಲದ ಬದುವಿನ ಮೇಲೆ ಕೋಡಿಗೆ ಹೋಗುವ ಕಾಲುದಾರಿ. ಮಳೆಗಾಲದಲ್ಲಿ ಹೆಣ ಹೊತ್ತುಕೊಂಡು ಹೋಗುತ್ತಿದ್ದದ್ದೂ ಅದೇ ದಾರಿಯಲ್ಲಿ ಅಂದೆ. ಅವಳು ಪುಸ್ತಕದಲ್ಲಿ ಗೆರೆ ಎಳೆದುಕೊಂಡಳು. ಕೈಯಲ್ಲಿ ಒಂದು ಸಣ್ಣ ಮಿಷನ್ನು ಇತ್ತು, ಅದನ್ನೂ ನೋಡಿಕೊಂಡಳು.

"ಊರ ಮುಂದೆ ಟಾರು ರಸ್ತೆ ಇದೆಯಲ್ಲ. ಒಳ್ಳೇ ದಾರಿ ಬಿಟ್ಟು ಕೆಟ್ಟ ದಾರಿ ಯಾಕೆ ನಿಂಗೆ?" ಅಂತ ಕೇಳಿದೆ.

"ಕೆಟ್ಟದಾಗಿರೋ ದಾರೀನೇ ಬೇಕು ಆಂಟಿ. ಎಷ್ಟು ಕೆಟ್ಟದಿದ್ರೆ ಅಷ್ಟು ಒಳ್ಳೇದು."

ಬರುವ ಭಾನುವಾರ ಇಪ್ಪತ್ತು ಮೂವತ್ತು ಜನ ಬಂದು ಈ ದಾರಿಯಲ್ಲಿ ಸೈಕಲ್ ಹೊಡೆಯುತ್ತೇವೆ, ನಿಮ್ಮ ಬದುವಿನ ಮೇಲೆ ಹೋಗಬಹುದಾ ಅಂತ ಕೇಳಿದಳು. ಹೋಗಿ ಅಂದೆ. ಅಲ್ಲಿಂದ ಮೈದುನನ ಹತ್ತಿರ ಹೋಗಿ ಅವನ ಬೀಳಿನಲ್ಲೂ ಬಿಡುತ್ತೀರಾ ಅಂತ ಕೇಳಿದ್ದಾಳೆ. ಅವನು ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡಿದ. "ಸೈಕಲ್ಲು ಗೀಕಲ್ಲು ಅಂತ ನನ್ನ ಹೊಲಕ್ಕೆ ಕಾಲಿಟ್ರೆ ಎತ್ತಿ ಬಾವಿಗೆ ಹಾಕ್ತೀನಿ" ಅಂದ. ಈ ಮಾತನ್ನು ಹತ್ತು ಜನ ಕೇಳಿಸಿಕೊಂಡರು. ಹುಡುಗಿಯೂ ಕೇಳಿಸಿಕೊಂಡಳು.

ಅವರು ಬರುವ ಹಿಂದಿನ ದಿನ, ಶನಿವಾರ, ಮಾರ್ಕೆಟ್ಟಿಗೆ ಹೋಗಿ ಮಧ್ಯಾಹ್ನದ ಮೇಲೆ ಬಂದೆ. ಬಸ್ಸಿನಲ್ಲೆಲ್ಲ ಅದೇ ಮಾತು: ಇನ್ನೊಂದು ದೊಡ್ಡ ರಸ್ತೆ ಬರುತ್ತಂತೆ, ಯಾವ ಊರಿನ ಮೇಲೆ ಹೋಗುತ್ತೋ ಗೊತ್ತಿಲ್ಲವಂತೆ. ತಲೆಯ ಮೇಲಿನ ಖಾಲಿ ಮಂಕರಿ ಇಳಿಸಿ ಹೊಲಕ್ಕೆ ಹೋದೆ. ಬಂಡೆಯ ಮೇಲೆ ಸುಣ್ಣದ ಬಾಣದ ಗುರುತು. ಹೊಂಗೆ ಮರದಿಂದ ಬಲಕ್ಕೆ ನನ್ನ ಬದುವಿನ ಉದ್ದಕ್ಕೂ ಬಿದಿರಿನ ಗೂಟ. ಪ್ರತಿ ಗೂಟಕ್ಕೂ ಕೆಂಪು ಪಟ್ಟಿ, ಗಾಳಿಗೆ ಪಟಪಟ ಅನ್ನುತ್ತಿದೆ. ಎಣಿಸಿದೆ. ಹನ್ನೊಂದು.

ಸೈಕಲ್ಲಿನ ಮಾತು ಹುಡುಗಿ ಹೇಳಿರಲಿಲ್ಲವೇ ಅಂತ ನೀವು ಕೇಳಬಹುದು. ಹೇಳಿದ್ದಳು. ಹಿಂದೆ ಬಂದ ಆ ನಾಲ್ವರೂ ಕರೆಂಟು ಕಂಬ ಅಂತ ಹೇಳಿದ್ದರು. ಅವರೂ ಮಜ್ಜಿಗೆ ಕುಡಿದಿದ್ದರು. ಒಳ್ಳೆಯ ರಸ್ತೆ ಬಿಟ್ಟು ಕೆಟ್ಟ ದಾರಿ ಯಾರಿಗಾದರೂ ಬೇಕಾಗುತ್ತದೆಯೇ? ರಸ್ತೆ ಮಾಡುವವನಿಗೆ ಮಾತ್ರ ಬೇಕು. ಹುಡುಗಿಯನ್ನು ಮುಂದೆ ಬಿಟ್ಟು ನನ್ನ ಬಾಯಿಂದಲೇ ದಾರಿ ಹೇಳಿಸಿಕೊಂಡು ಹೋಗಿ ನನ್ನ ಎಕರೆಗೇ ಗೂಟ ಹೊಡೆದಿದ್ದಾರೆ. ಹೀಗೆ ಅಂದುಕೊಂಡೆ. ಆ ಹೊತ್ತಿನಲ್ಲಿ ಬೇರೆ ಯಾವುದೂ ತಲೆಗೆ ಹೋಗಲಿಲ್ಲ.

ಗೂಟ ಕಿತ್ತು ಎಸೆದರೆ ಆಗುವುದಿಲ್ಲ. ಮೊದಲ ಸಲ ನನ್ನ ಗಂಡ ಕಿತ್ತು ಎಸೆದಿದ್ದ, ಮಾರನೆಯ ವಾರ ಬಂದು ಮತ್ತೆ ಅಲ್ಲೇ ನೆಟ್ಟರು. ಎಸೆಯಬಾರದು, ಬೇರೆ ಕಡೆ ನೆಡಬೇಕು. ಆಗ ಮೊದಲಿನಿಂದ ಅಲ್ಲೇ ಇತ್ತು ಅಂದುಕೊಳ್ಳುತ್ತಾರೆ. ಹೊತ್ತು ಮುಳುಗುವ ಸಮಯಕ್ಕೆ ಹಾರೆ ತಗೊಂಡು ಹೋದೆ. ಹನ್ನೊಂದನ್ನೂ ಕಿತ್ತೆ. ಹೊಂಗೆ ಮರದಿಂದ ಎಡಕ್ಕೆ, ಮೈದುನನ ಬೀಳಿನಲ್ಲಿ, ನೇರವಾಗಿ ಬಾವಿಯ ಕಡೆಗೆ ಒಂದೊಂದಾಗಿ ನೆಟ್ಟೆ. ಕೊನೆಯದನ್ನು ಲಂಟಾನದ ಪೊದೆಯ ಬುಡದಲ್ಲಿ. ರಸ್ತೆ ಬರುವುದೇ ಆದರೆ ಆ ಬಾವಿಯ ಮೇಲೇ ಬರಲಿ, ನನಗೆ ನೀರು ಕೊಡದ ಬಾವಿ ಯಾರಿಗೂ ಬೇಡ ಅಂತ ಹಲ್ಲು ಕಚ್ಚಿಕೊಂಡು ನೆಟ್ಟೆ. ಒದ್ದೆ ಗೋಣಿತಾಟಿನಲ್ಲಿ ಬಂಡೆಯ ಸುಣ್ಣ ಉಜ್ಜಿ ತೆಗೆದು, ಮನೆಯ ಸುಣ್ಣ ಕಲಸಿ ಎಡಗಡೆಗೆ ಬಾಣ ಎಳೆದೆ. ಬೆರಳೆಲ್ಲ ಉರಿಯಿತು. ಮನಸ್ಸಿಗೆ ಮಾತ್ರ ತಣ್ಣಗಾಯಿತು. ಮನೆಗೆ ಬಂದು ಮುದ್ದೆ ಉಂಡು ನಿದ್ದೆ ಮಾಡಿದೆ. ಚೆನ್ನಾಗಿ ನಿದ್ದೆ ಬಂತು. ಅದನ್ನೂ ಬರೆಯಬೇಕು.

ಭಾನುವಾರ ಬೆಳಗ್ಗೆ ಸೊಪ್ಪಿನ ಮಂಕರಿ ಹೊತ್ತು ಬಸ್ಸಿಗೆ ಹೊರಟೆ. ಶಾಲೆಯ ಬಯಲಿನಲ್ಲಿ ಕಾರುಗಳು ನಿಂತಿವೆ, ಕಾರಿನ ತಲೆಯ ಮೇಲೆ ಸೈಕಲ್ಲುಗಳು. ತಲೆಗೆ ಬುಟ್ಟಿಯಂಥದ್ದು ಹಾಕಿಕೊಂಡವರು, ಬೆನ್ನಿಗೆ ನಂಬರು ಅಂಟಿಸಿಕೊಂಡವರು. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಟೀ ಅಂಗಡಿಯವಳು ಸೊಂಟಕ್ಕೆ ಕೈ ಕೊಟ್ಟು ನೋಡುತ್ತ ನಿಂತಿದ್ದಳು.

"ಸೈಕಲ್ ಪಂದ್ಯ ಅಂತೆ ಕಣಕ್ಕ. ತೋಪು ಸುತ್ತಿ, ಬಂಡೆ ಹತ್ತಿ, ನಿನ್ ಹೊಲದ ಮೇಲೆ ಬಂದು ಕೋಡಿ ಹತ್ರ ಮುಗಿಸ್ತಾರಂತೆ. ಕೆಂಪು ಪಟ್ಟಿ ನೋಡ್ಕೊಂಡು ಹೋಗೋದಂತೆ, ಅಷ್ಟೇ."

ನಾನು ಬಂಡೆಯ ಕಡೆ ತಿರುಗಿದೆ.

"ಯಾವಾಗ ಶುರು?" ಅಂದೆ.

"ಶುರುವಾಯ್ತಲ್ಲ. ಒಬ್ಬೊಬ್ರನ್ನೇ ಬಿಡ್ತಾವ್ರೆ. ವಯಸ್ಸಾದವರು ಮೊದಲು ಹೋಗ್ಲಿ ಅಂತ ಒಬ್ರು ಹೋದ್ರು ಆಗ್ಲೇ. ಬಿಳೀ ಮೀಸೆ. ಆ ವಯಸ್ಸಿಗೆ ನೋಡು ಚಪಲ."

ಮಂಕರಿ ಅಲ್ಲೇ ಬಿಟ್ಟೆ. ಬಿಟ್ಟೆನೋ ಬಿತ್ತೋ ಗೊತ್ತಿಲ್ಲ. ಸೀರೆ ಎತ್ತಿ ಕಟ್ಟಿ ಹೊಲದ ಮೇಲೆ ಅಡ್ಡ ಓಡಿದೆ. ಅವರು ತೋಪು ಸುತ್ತಿ ಬರಬೇಕು, ನನಗೆ ಹತ್ತಿರದ ದಾರಿ, ಸಿಕ್ಕುತ್ತಾರೆ ಅನ್ನುವ ಆಸೆ. ಕೊಯ್ದ ರಾಗಿಯ ಕೂಳೆ ಕಾಲಿಗೆ ಚುಚ್ಚಿತು. ಬಂಡೆಯ ನೆತ್ತಿಯ ಮೇಲೆ ಒಬ್ಬರು ಕಾಣಿಸಿದರು. ನೀಲಿ ಅಂಗಿ. ನಾನು ಕೂಗಿದೆ. ಕೂಗಿದೆ ಅಂದುಕೊಂಡೆ. ಅವರಿಗೆ ಕೇಳಿಸಲಿಲ್ಲ. ಅವರು ದನದ ದಾರಿಯಲ್ಲಿ ಸರ್ರನೆ ಇಳಿದರು, ಹೊಂಗೆ ಮರದ ಹತ್ತಿರ ಪಟ್ಟಿ ನೋಡಿದರು, ಎಡಕ್ಕೆ ತಿರುಗಿದರು. ಒಂದು, ಎರಡು, ಮೂರು, ನಾನು ನೆಟ್ಟ ಗೂಟಗಳನ್ನು ಒಂದೊಂದಾಗಿ ದಾಟಿದರು. ಲಂಟಾನದ ಪೊದೆ ಅಲುಗಿತು. ಆಮೇಲೆ ಆ ಸದ್ದು.

ನಾನು ನಿಂತುಬಿಟ್ಟೆ. ಮುಂದೆ ಹೋಗಿ ನೋಡಬೇಕು ಅಂತ ಗೊತ್ತಿದೆ, ಕಾಲು ಬರುತ್ತಿಲ್ಲ. ಸತ್ತ ಗಂಡನನ್ನು ಮುಟ್ಟಿ ನೋಡಿದ್ದೇನೆ, ಆಗಲೂ ಹೀಗೆ ಆಗಿರಲಿಲ್ಲ. ಬಂಡೆಯ ಮೇಲೆ ಇನ್ನೊಂದು ಸೈಕಲ್ಲು ಬಂತು. ಅದನ್ನು ಕಂಡ ಮೇಲೆ ಕಾಲು ಬಂತು. ಹೊಂಗೆ ಮರದ ಹತ್ತಿರಕ್ಕೆ ಓಡಿ, ಎರಡು ಕೈ ಅಗಲ ಮಾಡಿ ದಾರಿಗೆ ಅಡ್ಡ ನಿಂತೆ. ಅವನು ಬ್ರೇಕು ಹಿಡಿದು ಜಾರಿ ನನ್ನ ಕಾಲ ಬುಡದಲ್ಲೇ ಬಿದ್ದ. ಬಯ್ದ. ಬಾವಿ ಅಂದೆ, ಕೈ ತೋರಿಸಿದೆ. ಅಷ್ಟೇ ಆದದ್ದು ನನ್ನಿಂದ.

ಸದ್ದು ಕೇಳಿ ಮೈದುನ ಹಗ್ಗ ಹಿಡಿದು ಬಂದ. ಅವನಿಗೆ ಅರವತ್ತರ ಹತ್ತಿರ. ಯಾರ ಮುಖವನ್ನೂ ನೋಡದೆ ಕಲ್ಲಿನ ಮೆಟ್ಟಿಲಲ್ಲಿ ಸರಸರ ಇಳಿದ. ಬಿದ್ದವರು ಮೋಟರ್ ಚಪ್ಪಡಿಯ ಮೇಲೆ ಇದ್ದರು. ಸೈಕಲ್ಲು ತಳಕ್ಕೆ ಹೋಗಿತ್ತು. ಚಪ್ಪಡಿ ಇಲ್ಲದಿದ್ದರೆ ಇವರೂ ಅಲ್ಲಿಗೇ. "ಜೀವ ಅದೆ" ಅಂತ ಕೆಳಗಿನಿಂದ ಕೂಗಿದ. ನಾನು ನೆಲದಲ್ಲಿ ಕೂತೆ.

ನಾಲ್ಕು ಜನ ಸೇರಿ ಹಗ್ಗದಲ್ಲಿ ಎತ್ತಿದರು. ಒಂದು ಕಾಲು ಸೊಟ್ಟಗೆ ಜೋತು ಬಿದ್ದಿತ್ತು, ಮೀಸೆಯೆಲ್ಲ ರಕ್ತ. ಹಲಸೂರಿನವರಂತೆ, ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರಂತೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನನ್ನ ಪಕ್ಕದಲ್ಲೇ ಮಲಗಿಸಿದರು. ಅವರು ನನ್ನನ್ನು ನೋಡಿದರು.

"ಪಟ್ಟಿ ಇತ್ತಲ್ಲಮ್ಮ" ಅಂದರು. "ನಾನು ಪಟ್ಟಿ ನೋಡ್ಕೊಂಡೇ ಬಂದೆ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ತಾನೇ ತಪ್ಪು ಮಾಡಿದೆನೇನೋ ಅನ್ನುವ ಹಾಗೆ ಹೇಳಿದರು.

ಹುಡುಗಿ ಕೋಡಿಯ ಕಡೆಯಿಂದ ಓಡಿ ಬಂದಳು. ಗೂಟಗಳನ್ನು ನೋಡಿದಳು, ಬಾವಿಯನ್ನು ನೋಡಿದಳು. ನಾವು ಇಲ್ಲಿ ಪಟ್ಟಿ ಕಟ್ಟೇ ಇರಲಿಲ್ಲ, ಇಲ್ಲಿ ಕಟ್ಟೇ ಇರಲಿಲ್ಲ ಅಂತ ಹೇಳಿದ್ದನ್ನೇ ಹೇಳಿದಳು. ಹಾಗಾದರೆ ಯಾರೋ ಬದಲಾಯಿಸಿದ್ದಾರೆ. ಯಾರು? ಹೊಲ ಯಾರದು? ಬಾವಿಗೆ ಹಾಕುತ್ತೇನೆ ಅಂದವನು ಯಾರು? ಎಲ್ಲರೂ ಮೈದುನನ ಕಡೆ ತಿರುಗಿದರು. ಅವನ ಕೈಯಲ್ಲಿ ಇನ್ನೂ ಹಗ್ಗ ಇತ್ತು, ಅಂಗೈ ಸುಲಿದಿತ್ತು. ನಾನಲ್ಲ ಅಂದ. ಒಂದೇ ಸಲ ಅಂದ. ಆಮೇಲೆ ನನ್ನ ಕಡೆ ನೋಡಿದ. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಅವನಿಗೆ ಗೊತ್ತಾಯಿತು. ಗೊತ್ತಾದದ್ದು ನನಗೆ ಗೊತ್ತಾಯಿತು. ಅವನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಬಿದ್ದವರನ್ನು ಕಾರಿನಲ್ಲಿ ಶಿವಾಜಿನಗರದ ಕಡೆಯ ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನ ಪೊಲೀಸರು ಬಂದು ಮೈದುನನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಸಂಜೆ ಓರಗಿತ್ತಿ ನನ್ನ ಬಾಗಿಲಿಗೆ ಬಂದಳು. ಆರು ವರ್ಷದ ಮೇಲೆ ಬಂದದ್ದು. ಕಣ್ಣು ಊದಿತ್ತು. "ಅಕ್ಕ, ನೀನೊಂದಿಷ್ಟು ಅಕ್ಷರ ಕಲಿತೋಳು. ನನ್ನ ಜೊತೆ ಸ್ಟೇಷನ್ನಿಗೆ ಬಾ. ಆ ಮನುಷ್ಯ ಅಂಥ ಕೆಲಸ ಮಾಡೋನಲ್ಲ ಅಂತ ಒಂದು ಮಾತು ಹೇಳು" ಅಂದಳು. ಮೊಣಕಾಲು ನೋವು ಅಂದೆ. ಬೆಳಗ್ಗೆ ಹೊಲದ ಮೇಲೆ ಓಡಿದ್ದನ್ನು ಊರೆಲ್ಲ ನೋಡಿತ್ತು, ಮೊಣಕಾಲು ನೋವು ಅಂದೆ. ಅವಳು ಒಬ್ಬಳೇ ಹೋದಳು. ಗೂಟ ನೆಟ್ಟದ್ದು ಭಯದಿಂದ, ಹಗೆಯಿಂದ. ಅದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಈ ಮೊಣಕಾಲಿನ ಮಾತು ನನ್ನ ಬಾಯಿಂದ ಬಂತು ಅನ್ನುವುದನ್ನು ಇವತ್ತಿಗೂ ನಂಬಲಾಗುವುದಿಲ್ಲ.

ಆ ದಿನ ಒಲೆ ಹಚ್ಚಲಿಲ್ಲ.

ಮಾರನೆಯ ದಿನ ಬೆಳಗ್ಗೆ ಮೊದಲ ಬಸ್ಸಿಗೇ ಸ್ಟೇಷನ್ನಿಗೆ ಹೋದೆ. ಮೈದುನ ಬೆಂಚಿನ ಮೇಲೆ ಕೂತಿದ್ದ. ಬರೆಯುವ ಪೊಲೀಸಪ್ಪನ ಮುಂದೆ ನಿಂತು, ಗೂಟ ಕಿತ್ತು ನೆಟ್ಟದ್ದು ನಾನು, ಇವನಲ್ಲ ಅಂದೆ. ಅವನು ನಂಬಲಿಲ್ಲ. ಮನೆಯ ಗಂಡಸನ್ನು ಬಿಡಿಸಲು ಹೆಂಗಸರು ಬಂದು ಇಂಥದ್ದೇ ಹೇಳುತ್ತಾರೆ, ಹೋಗಮ್ಮ ಅಂದ. ಸೆರಗಿನಿಂದ ಕೈ ತೆಗೆದು ಮೇಜಿನ ಮೇಲೆ ಇಟ್ಟೆ. ಸುಣ್ಣ ತಿಂದು ಹತ್ತು ಬೆರಳಿನ ತುದಿಯೂ ಬಿರಿದಿತ್ತು. ಇವನ ಬೆರಳನ್ನೂ ನೋಡಿ ಅಂದೆ. ನೋಡಿದ. ಆಮೇಲೆ ಕೂರಲು ಹೇಳಿದ, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡ. ಹೆಬ್ಬೆಟ್ಟಿಗೆ ಮಸಿ ಮುಂದೆ ತಳ್ಳಿದ. ಬೇಡ ಅಂದು ಪೆನ್ನು ಇಸಿದುಕೊಂಡು ಹೆಸರು ಬರೆದೆ. ಬಿರಿದ ಬೆರಳಿಗೆ ಪೆನ್ನು ಒತ್ತಿ ನೋವಾಯಿತು.

ಬಿದ್ದವರು ಏನು ಹೇಳುತ್ತಾರೋ ಅದರ ಮೇಲೆ ನಿನ್ನ ಕೇಸು, ಕರೆದಾಗ ಬರಬೇಕು ಅಂದು ಇಬ್ಬರನ್ನೂ ಹೊರಗೆ ಕಳಿಸಿದ. ಮೈದುನ ಬೀಡಿ ಹಚ್ಚಿದ. ಬಸ್ ಸ್ಟಾಪಿನವರೆಗೆ ಜೊತೆಗೇ ನಡೆದೆವು.

"ಅತ್ಗೆ" ಅಂದ ಆಮೇಲೆ. "ಆ ಗೂಟ ನನ್ನ ಹೊಲದಲ್ಲಿ ಇದ್ದಿದ್ರೆ ನಾನೂ ಕಿತ್ತು ನಿನ್ನ ಹೊಲಕ್ಕೇ ನೆಡ್ತಿದ್ದೆ. ನಿನ್ನ ಹೊಲದಲ್ಲಿ ಬಾವಿ ಇಲ್ಲ, ಅಷ್ಟೇ."

ಅವನು ಊರಿನ ಬಸ್ಸು ಹತ್ತಿದ. ನಾನು ಶಿವಾಜಿನಗರದ ಬಸ್ಸು ಹತ್ತಿದೆ. ಮಂಕರಿ ಇಲ್ಲದೆ ಆ ಬಸ್ಸಿನಲ್ಲಿ ಕೂತದ್ದು ಅದೇ ಮೊದಲು, ಕೈ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಕೇಳಿ ಕೇಳಿ ಮಹಡಿ ಹತ್ತಿದೆ. ಬಾವಿಗೆ ಬಿದ್ದವರ ಕಾಲನ್ನು ಮೇಲಕ್ಕೆ ಎತ್ತಿ ಕಟ್ಟಿದ್ದರು. ಹುಡುಗಿ ಪಕ್ಕದಲ್ಲಿ ಕೂತಿದ್ದಳು, ನನ್ನನ್ನು ಕಂಡು ಎದ್ದು ನಿಂತಳು. ನಾನು ಮಂಚದ ಕಾಲಿನ ಹತ್ತಿರ ನಿಂತು, ಪಟ್ಟಿ ಕಟ್ಟಿದ ಗೂಟ ಕಿತ್ತು ಬಾವಿಯ ಕಡೆ ನೆಟ್ಟವಳು ನಾನು ಅಂದೆ.

ಅವರು ತಲೆ ನನ್ನ ಕಡೆ ತಿರುಗಿಸಿದರು. ಆಮೇಲೆ ಕೇಳಿದರು:

"ಯಾಕಮ್ಮ?"

ನಾನು ನೆಲದ ಮೇಲೆ ಕೂತು, ಕರೆಂಟು ಕಂಬಕ್ಕೆ ಅಳತೆ ಅಂತ ಹೇಳಿಕೊಂಡು ಬಂದ ಆ ನಾಲ್ವರಿಂದ ಶುರು ಮಾಡಿದೆ.